ಅಳಿಯದ ಸಾಲು

ಮುಂಗಾರಿನಲ್ಲಿ ಜಗಳೂರಿನ ಕಡೆ ಹೊಲದ ಬದುವಿನ ಮೇಲೆ ನಿಂತರೆ ಕೂರಿಗೆಯ ಸಾಲುಗಳಿಂದ ಕಣ್ಣು ಕೀಳಲಾಗುವುದಿಲ್ಲ. ಒಂದು ಜೋರು ಮಳೆ ಬಂದರೆ ಆ ಗೆರೆಗಳು ಮಾಯ. ಚಂದ್ರನ ಮೇಲಿನ ಗೆರೆಗಳು ಹಾಗಲ್ಲ.

1969ರ ಜುಲೈನಲ್ಲಿ ಗಗನಯಾತ್ರಿ ಬಜ್ ಆಲ್ಡ್ರಿನ್ ಅಲ್ಲಿ ತೆಗೆದ ಬೂಟಿನ ಗುರುತಿನ ಚಿತ್ರವನ್ನು ಹತ್ತಿರದಿಂದ ನೋಡಿ. ಸಿಲಿಕೋನ್ ರಬ್ಬರಿನ ಅಟ್ಟೆಯ ಅಡ್ಡಗೆರೆಗಳು ಅಚ್ಚಿನಲ್ಲಿ ಒತ್ತಿದ ಚಕ್ಕುಲಿಯಷ್ಟು ಸ್ಪಷ್ಟ. ಅಂಚು ಕುಸಿದಿಲ್ಲ. ಅಲ್ಲಿನ ದೂಳನ್ನು ಗಾಳಿಯಾಗಲಿ ನೀರಾಗಲಿ ಸವೆಸಿಲ್ಲ. ಮೊನಚು ಕಣಗಳು ಒಂದನ್ನೊಂದು ಕಚ್ಚಿ ಹಿಡಿಯುತ್ತವೆ. 1972ರ ಹೊತ್ತಿಗೆ ಹಾಗೆ ನಡೆದವರು 12 ಮಂದಿ.

ನಮ್ಮ ಚಂದ್ರಯಾನ-3ರ ರೋವರ್ ಪ್ರಜ್ಞಾನ್ ಅಲ್ಲಿ ಇಳಿದದ್ದು 2023ರ ಆಗಸ್ಟಿನಲ್ಲಿ. 26 ಕೆಜಿ ತೂಕ, ಆರು ಗಾಲಿ, ಸೆಕೆಂಡಿಗೆ ಒಂದೇ ಸೆಂಟಿಮೀಟರ್ ನಡಿಗೆ. ಒಂದು ಗಾಲಿ ಕಲ್ಲು ಹತ್ತಿದರೂ ಉಳಿದವು ನೆಲ ಬಿಡದಂತೆ ಅದರ ಕೀಲುಗಳನ್ನು ಜೋಡಿಸಿದ ಕೈಗಳಿಗೆ ನಮಸ್ಕಾರ. 4 ಮೀಟರ್ ಅಗಲದ ಕುಳಿ ಎದುರಾದಾಗ 3 ಮೀಟರ್ ದೂರದಲ್ಲೇ ಕಂಡು, ಬಂದ ದಾರಿಯಲ್ಲೇ ಹಿಂದಿರುಗಿತು; ಜಗ್ಗದೆ, ಎಡವದೆ, ಪಳಗಿದ ಎತ್ತಿನ ಹಾಗೆ.

ಈ ಯಾನದ ತಾಲೀಮಿಗೆ ಚಂದ್ರನ ಕುಳಿಗಳನ್ನೇ ಹೋಲುವ ಗುಂಡಿಗಳನ್ನು ತೋಡಿದ್ದು ಇಲ್ಲೇ ಪಕ್ಕದ ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಲ್ಲಿ. ದನ ಮೇಯುವ ಬಯಲುಸೀಮೆಯ ನೆಲವೇ ಚಂದ್ರನ ವೇಷ ತೊಟ್ಟಿತ್ತು.

ನೂರು ಮೀಟರಿಗೂ ಮಿಕ್ಕಿದ ಪ್ರಜ್ಞಾನ್‌ನ ಸಾಲು ಈಗಲೂ ಅಲ್ಲಿದೆ. ಬೀಜ ಬಿದ್ದಿಲ್ಲ, ಮಳೆ ಬರುವುದಿಲ್ಲ. ಆದರೂ ಎಷ್ಟು ಹಸನಾದ ಸಾಲು!