ಗುಮಟೆಯ ನಾದ, ಓವಿಯ ಬೇರು

ಧಾರಾಪುರವು ಕಡಲಿಗೆ ದೂರವಾದ ಊರು. ಇಲ್ಲಿಯ ಅಧ್ಯಾಪಕರಿಗೆ ಮಂಗಳೂರು ಬಂದರಿನ ಹಾಡುಗಳ ಗೊಡವೆ ಏಕೆಂದು ವಾಚಕರು ಕೇಳಬಹುದು. ಮನೆಯಲ್ಲಿ ಒಂದು ಮಾತು, ಶಾಲೆಯಲ್ಲಿ ಇನ್ನೊಂದು ಲಿಪಿ. ಇದು ಗಡಿನಾಡಿನ ಕನ್ನಡ ಮನೆಗಳ ಪಾಡು. ಮಂಗಳೂರಿನ ಕೊಂಕಣಿ ಕ್ರೈಸ್ತರ ಪಾಡೂ ಇದೇ. ಆದುದರಿಂದ ಅವರ ಹಾಡು ಉಳಿದ ಬಗೆ ನಮಗೂ ಪಾಠವಾಗಿದೆ.

ಮದುವೆಯ ಮುನ್ನ ವಧೂವರರಿಗೆ ತೆಂಗಿನಹಾಲು ಹಚ್ಚುವ ‘ರೋಸ್’ ಶಾಸ್ತ್ರದಲ್ಲಿ ಹೆಂಗಸರು ಹೇಳುವ ಹಾಡುಗಳಿಗೆ ‘ವೊವಿಯೊ’ ಎಂದು ಹೆಸರು. ಇವು ಮರಾಠಿ ಓವಿಯ ಬಳಗದವು. ನಮ್ಮ ಬೀಸುಕಲ್ಲಿನ ತ್ರಿಪದಿಗೆ ನೆಂಟರಂತಿವೆ. ಗುಮಟೆಯಾದರೋ ಎರಡು ಬಾಯಿಗಳ ಮಣ್ಣಿನ ಮಡಕೆ. ದೊಡ್ಡ ಬಾಯಿಗೆ ಚರ್ಮ ಬಿಗಿದು, ಚಿಕ್ಕ ಬಾಯನ್ನು ಅಂಗೈಯಿಂದ ಮುಚ್ಚಿ ತೆರೆದು ನುಡಿಸುತ್ತಾರೆ. ಕರಾವಳಿಯ ಕುಡುಬಿಯರು ಹೋಳಿಯಲ್ಲಿ ಬಾರಿಸುವುದೂ ಇದನ್ನೇ.

ಈ ಸಂಗೀತವೆಲ್ಲ ಪೋರ್ತುಗೀಸರ ಕೊಡುಗೆ ಎಂಬ ಮಾತನ್ನು ನಾವು ಒಪ್ಪಲಾರೆವು. ಪಿಟೀಲು ಅವರ ಕಡೆಯಿಂದ ಬಂದಿರಬಹುದು. ಬೇರು ಮಾತ್ರ ಈ ನೆಲದ್ದು. 1736ರಲ್ಲಿ ಗೋವೆಯ ಇನ್‌ಕ್ವಿಸಿಷನ್ ಎಂಬ ಮತನ್ಯಾಯಪೀಠವು ಕ್ರೈಸ್ತರ ಮದುವೆಗಳಲ್ಲಿ ಓವಿ ಹಾಡಕೂಡದೆಂದು ಕಟ್ಟಳೆ ಹೊರಡಿಸಿತು. ತಾವೇ ತಂದ ಹಾಡನ್ನು ಅವರು ತಡೆಯುತ್ತಿದ್ದರೇ?

ಕಟ್ಟಳೆ ಸೋತಿತು, ಹಾಡು ಗೆದ್ದಿತು. ಗೋವೆಯಿಂದ ವಲಸೆ ಬಂದವರೊಡನೆ ಅದು ಕನ್ನಡ ಕರಾವಳಿಯನ್ನು ಸೇರಿತು. 1784ರಲ್ಲಿ ಟಿಪ್ಪು ಸುಲ್ತಾನನು ಈ ಜನರನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದನು. 1799ರ ಬಳಿಕ ಬದುಕಿ ಉಳಿದವರು ಮರಳಿದರು. ಇಷ್ಟಾದರೂ ಹಾಡು ಅಳಿಯಲಿಲ್ಲ. ಅದು ಗ್ರಂಥದಲ್ಲಿ ಅಡಗಿರಲಿಲ್ಲ, ಶಾಸ್ತ್ರದಲ್ಲಿ ಸೇರಿತ್ತು. ಮದುವೆ ಇರುವವರೆಗೂ ಹಾಡುವವಳು ಬೇಕಾಗಿತ್ತು.

ನಮ್ಮ ಕಾಲದ ಪ್ರಯತ್ನಗಳೂ ಶ್ಲಾಘ್ಯವಾದವು. 1986ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಮಾಂಡ್ ಸೊಭಾಣ್ ಸಂಸ್ಥೆಯು 2008ರ ಜನವರಿಯಲ್ಲಿ 40 ಗಂಟೆಗಳ ಕಾಲ ಎಡೆಬಿಡದೆ ಕೊಂಕಣಿ ಹಾಡುಗಳನ್ನು ಹಾಡಿಸಿ ಗಿನ್ನೆಸ್ ದಾಖಲೆಗೆ ಪಾತ್ರವಾಯಿತು. 1972ರ ವನ್ಯಜೀವಿ ಕಾಯಿದೆಯ ರಕ್ಷಣೆ ಉಡಕ್ಕೆ ದೊರೆತ ಮೇಲೆ ಗುಮಟೆಗೆ ಆಡಿನ ಚರ್ಮ ಬಂದಿತು. ಹೀಗೆ ವಾದ್ಯವೂ ಉಳಿದುಕೊಂಡಿತು. ಆದರೆ ಒಂದು ಮಾತನ್ನು ಹೇಳದೆ ಇರಲಾರೆವು. ವೇದಿಕೆಯ ಮೇಲೆ ಕೆಲವರು ಹಾಡುತ್ತಾರೆ, ಹಲವರು ಕೇಳುತ್ತಾರೆ. ರೋಸ್ ಚಪ್ಪರದಲ್ಲಿ ಅಜ್ಜಿ ಎತ್ತಿದ ಸೊಲ್ಲಿಗೆ ಮೊಮ್ಮಗಳು ದನಿಗೂಡಿಸಬೇಕು. ವೇದಿಕೆ ಹಾಡನ್ನು ಕಲಿಸೀತು. ಅದನ್ನು ಬಾಳಿಸುವುದು ಮನೆಯೇ. ದಾಖಲೆಯ ಗಂಟೆಗಳಿಗಿಂತ ಆ ಎರಡನೆಯ ದನಿಯೇ ಉಳಿವಿನ ನಿಜವಾದ ಅಳತೆ.

ಮಂಗಳೂರಿನವರು ಲಿಪಿಗಾಗಿ ಕಾದು ಕೂರಲಿಲ್ಲ. ಕೈಗೆಟುಕಿದ ಕನ್ನಡ ಲಿಪಿಯಲ್ಲೇ ಕೊಂಕಣಿಯನ್ನು ಬರೆದರು. ಅವರ ‘ರಾಕ್ಣೊ’ ವಾರಪತ್ರಿಕೆ 1938ರಲ್ಲಿ ಆರಂಭವಾದುದೂ ಆ ಲಿಪಿಯಲ್ಲೇ. ನಮ್ಮ ಕೊಂಗುನಾಡಿನ ದೇವಾಂಗ ನೇಕಾರರೇ ಮೊದಲಾದವರ ಮನೆಗಳಲ್ಲಿ ಕನ್ನಡ ನುಡಿಯುವ ಮಕ್ಕಳು ಶಾಲೆಯಲ್ಲಿ ತಮಿಳು ಅಕ್ಷರ ಕಲಿಯುತ್ತಾರೆ. ಕನ್ನಡ ಲಿಪಿ ಬಾರದೆಂದು ಅಜ್ಜಿಯ ಹಾಡನ್ನು ಬಿಡುವುದು ತರವಲ್ಲ. ತಮಿಳು ಅಕ್ಷರದಲ್ಲೇ ಬರೆದು ತರಲೆಂದು ಅಧ್ಯಾಪಕ ಬಂಧುಗಳು ಮಕ್ಕಳಿಗೆ ಹೇಳಲಿ. ಬರೆದ ಮೇಲೆ ಅಜ್ಜಿಯ ಬಳಿ ಕುಳಿತು ಹಾಡಿ ಬರಲೆಂದೂ ಹೇಳಲಿ. ಲಿಪಿಯನ್ನು ನಾಳೆ ತಿದ್ದಬಹುದು. ಹೋದ ದನಿ ಮತ್ತೆ ಬಾರದು.