ಒಡೆಯನ ಲೆಕ್ಕದಲ್ಲಿ ಆಳಿನ ಹೆಸರು

ಅಮೆರಿಕದ ಗುಲಾಮಗಿರಿಯನ್ನು ಕುರಿತು ನಮಗಿಂದು ತಿಳಿದಿರುವುದರಲ್ಲಿ ಬಹುಭಾಗ ಒಡೆಯರು ಬರೆದಿಟ್ಟದ್ದು. ಫ್ರೆಡರಿಕ್ ಡಗ್ಲಾಸ್‌ನಂಥವರ ಆತ್ಮಕಥೆಗಳಿವೆ, ನಿಜ. ಆದರೆ ಲಕ್ಷಾಂತರ ಮಂದಿಯ ಪಾಲಿಗೆ ಉಳಿದಿರುವುದು ಜಮೀನಿನ ಲೆಕ್ಕಪುಸ್ತಕ, ಹಡಗಿನ ಪಟ್ಟಿ, ಮರಣಶಾಸನ, ಅಡಮಾನ ಪತ್ರ, ಓಡಿಹೋದವನನ್ನು ಹಿಡಿದುಕೊಡಿರೆಂಬ ಪತ್ರಿಕಾ ಪ್ರಕಟಣೆ, ಇಷ್ಟೆ. ಇವನ್ನು ಆಕರಗಳೆಂದು ಬಳಸುವವರು ಅನೇಕರು. ಬರಹಗಳೆಂದು ಓದುವವರು ಕಡಮೆ. ಯಾರು, ಯಾವ ಪ್ರಯೋಜನಕ್ಕಾಗಿ ಬರೆದರೆಂದು ವಿಚಾರಿಸದೆ ಅಂಕಿಗಳನ್ನಷ್ಟೇ ಎತ್ತಿಕೊಂಡರೆ, ಒಡೆಯನ ಕಣ್ಣನ್ನೇ ನಾವು ಎರವಲು ಪಡೆದಂತಾಗುತ್ತದೆ.

1850ರ ಜನಗಣತಿಯನ್ನು ನೋಡಿ. ಸ್ವತಂತ್ರರಾದವರೆಲ್ಲರ ಹೆಸರೂ ಅಲ್ಲಿದೆ. ಗುಲಾಮರಿಗೆ ಬೇರೆಯೇ ಪಟ್ಟಿ: ಮೊದಲು ಒಡೆಯನ ಹೆಸರು, ಅದರ ಕೆಳಗೆ ವಯಸ್ಸು, ಲಿಂಗ, ಬಣ್ಣ, ಕುರುಡನೇ, ಕಿವುಡನೇ, ಓಡಿಹೋದವನೇ ಎಂಬ ವಿವರ. ಹೆಸರಿನ ಬದಲು ಒಂದು ಸಂಖ್ಯೆ. ಇದು ಗುಮಾಸ್ತರ ಅಲಕ್ಷ್ಯವಲ್ಲ. ಹೆಸರುಗಳನ್ನು ಬರೆಯಬೇಕೆಂಬ ಸೂಚನೆ ಮೊದಲ ಕರಡಿನಲ್ಲಿತ್ತು. ಸೆನೆಟ್ ಸಭೆಯಲ್ಲಿ ದಕ್ಷಿಣದ ಸದಸ್ಯರು ವಿರೋಧಿಸಿ ಅದನ್ನು ತೆಗೆಯಿಸಿದರು. ಅಂದರೆ ಈ ಮೌನ ಚರ್ಚಿಸಿ ಗೊತ್ತುಮಾಡಿದ ಮೌನ. 1860ರಲ್ಲಿಯೂ ಅದೇ ಪದ್ಧತಿ. ಆಗ ಗುಲಾಮರ ಸಂಖ್ಯೆ 39 ಲಕ್ಷವನ್ನು ಮೀರಿತ್ತು. ಅವರಲ್ಲಿ ಬದುಕಿ ಉಳಿದವರ ಹೆಸರು ಜನಗಣತಿಯೊಳಗೆ ಬಂದುದು 1870ರಲ್ಲಿ. ನಮ್ಮ ದಾನಶಾಸನಗಳನ್ನು ಓದಿ ಬಲ್ಲವರಿಗೆ ಇದು ತೀರ ಅಪರಿಚಿತವಲ್ಲ: ಕೊಟ್ಟವನ, ಪಡೆದವನ ಹೆಸರುಗಳಿರುತ್ತವೆ, ಎಲ್ಲೆಕಲ್ಲುಗಳ ವಿವರವಿರುತ್ತದೆ, ಆ ನೆಲವನ್ನು ಉತ್ತವನ ಹೆಸರು ವಿರಳ.

ಆದರೆ ಒಡೆಯನ ಬರಹವೆಲ್ಲ ಒಂದೇ ಬಗೆಯದಲ್ಲ. ಥಾಮಸ್ ಜೆಫರ್ಸನ್ನನನ್ನೇ ತೆಗೆದುಕೊಳ್ಳೋಣ. 1776ರಲ್ಲಿ ಮನುಷ್ಯರ ಸಮಾನತೆಯ ಘೋಷಣೆಯನ್ನು ಬರೆದ ಈತ ತನ್ನ ಜೀವಮಾನದಲ್ಲಿ 600ಕ್ಕೂ ಮಿಕ್ಕ ಗುಲಾಮರನ್ನು ಇಟ್ಟುಕೊಂಡಿದ್ದವನು. ಆತನ ಜಮೀನಿನ ಪುಸ್ತಕದಲ್ಲಿ ಹೆಸರುಗಳಿವೆ, ಹುಟ್ಟಿದ ವರ್ಷಗಳಿವೆ, ಹಂಚಿದ ಕಂಬಳಿ, ಮೀನುಗಳ ಲೆಕ್ಕವಿದೆ. ಅಕ್ಷರ ಸುಂದರ, ಲೆಕ್ಕ ಚೊಕ್ಕಟ. ಅಲ್ಲಿ ಯಾರ ಮುಖವೂ ಕಾಣಿಸದು. ಅದೇ ಜೆಫರ್ಸನ್ 1769ರ ಸೆಪ್ಟೆಂಬರಿನಲ್ಲಿ ‘ವರ್ಜೀನಿಯಾ ಗೆಜೆಟ್’ ಪತ್ರಿಕೆಗೆ ಒಂದು ಪ್ರಕಟಣೆ ಕೊಟ್ಟ. ಸ್ಯಾಂಡಿ ಎಂಬವನು ಓಡಿಹೋಗಿದ್ದ. ಸುಮಾರು 35 ವಯಸ್ಸು, ಚಮ್ಮಾರಿಕೆಯ ಕಸಬು, ಎಡಗೈ ಬಳಸುವವನು; ಒರಟು ಬಡಗಿ ಕೆಲಸವೂ ಗೊತ್ತು, ಕುದುರೆಯ ವಿಷಯವೂ ಗೊತ್ತು; ಕುಡಿಯುತ್ತಾನೆ, ಬಯ್ಯುತ್ತಾನೆ; ಬಿಳಿಯ ಕುದುರೆಯೊಂದನ್ನೂ ಹೊಲಿಗೆಯ ಹತಾರಗಳನ್ನೂ ಒಯ್ದಿದ್ದಾನೆ. ಹಿಡಿಯಬೇಕಾದರೆ ಗುರುತು ಹೇಳಲೇಬೇಕಷ್ಟೆ! ಸ್ವತ್ತು ಕೈಬಿಟ್ಟು ಹೋದಾಗ ಒಡೆಯ ಅದನ್ನು ಮನುಷ್ಯನೆಂದು ವರ್ಣಿಸಬೇಕಾಯಿತು. ಹತಾರಗಳನ್ನು ಒಯ್ದನೆಂಬ ಒಂದು ಮಾತು ಸಾಕು, ಹೋಗುವ ಊರಿನಲ್ಲಿ ದುಡಿದು ಬದುಕುವ ಯೋಚನೆ ಅವನಿಗಿತ್ತೆಂದು ಊಹಿಸಲು. ಸ್ಯಾಂಡಿ ಸಿಕ್ಕಿಬಿದ್ದ, 1773ರಲ್ಲಿ 100 ಪೌಂಡುಗಳಿಗೆ ಮಾರಾಟವಾದ.

ಈ ಸಾಮಗ್ರಿಯನ್ನು ಬಳಸುವ ಬಗೆಯಲ್ಲಿ ಈಚಿನ ವಿದ್ವಾಂಸರೊಳಗೆ ಒಂದು ಭಿನ್ನಾಭಿಪ್ರಾಯವಿದೆ. ಸೈದಿಯಾ ಹಾರ್ಟ್‌ಮನ್ 2008ರ ತಮ್ಮ ಪ್ರಬಂಧದಲ್ಲಿ, ಹಡಗಿನಲ್ಲಿ ಕೊಲೆಯಾದ ಹುಡುಗಿಯೊಬ್ಬಳ ಪ್ರಸಂಗವನ್ನು ಹಿಡಿದು, ದಾಖಲೆಯೇ ಹಿಂಸೆಯ ಮುಂದುವರಿಕೆಯೆಂದೂ, ಅದರ ಎಲ್ಲೆಯಲ್ಲಿ ನಿಂತು ಸಂಯಮದ ಕಲ್ಪನೆಯಿಂದ ಬರೆಯಬೇಕೆಂದೂ ವಾದಿಸಿದರು. ಗ್ವೆಂಡೊಲಿನ್ ಮಿಡ್ಲೊ ಹಾಲ್ ಅವರ ದಾರಿ ಬೇರೆ. ಅವರು 1984ರಲ್ಲಿ ಲೂಯಿಸಿಯಾನದ ಪಾಯಿಂಟ್ ಕುಪೀ ನ್ಯಾಯಾಲಯದ ಹಳೆಯ ಫ್ರೆಂಚ್, ಸ್ಪ್ಯಾನಿಷ್ ಕಡತಗಳಿಗೆ ಕೈಹಾಕಿ, ಸುಮಾರು 15 ವರ್ಷ ದುಡಿದು, ಒಂದು ಲಕ್ಷದಷ್ಟು ಮಂದಿಯ ವಿವರಗಳನ್ನು 2000ದಲ್ಲಿ ಹೊರತಂದರು. ಬಂಬಾರ, ವುಲೊಫ್, ಕಾಂಗೊ ಎಂಬ ಮೂಲಜನಾಂಗಗಳ ಹೆಸರು ಅಲ್ಲಿ ಮತ್ತೆ ಕಾಣಿಸಿದುವು. ಎಣಿಕೆಯೆಂದರೆ ಒಡೆಯನ ಲೆಕ್ಕವನ್ನೇ ಇನ್ನೊಮ್ಮೆ ಬರೆಯುವುದಲ್ಲವೆ ಎಂಬ ಆಕ್ಷೇಪ ಹಗುರವಾದುದಲ್ಲ. ಆದರೂ ನನ್ನ ಒಲವು ಹಾಲ್ ಅವರ ಕಡೆಗೆ. ತೆರೆಯದ ಕಡತಗಳು ಇನ್ನೂ ಇರುವಾಗ ಕಲ್ಪನೆಗೆ ಅವಸರವೇಕೆ?

ಅಡಮಾನ ಪತ್ರಗಳೇ ಇದಕ್ಕೆ ಸಾಕ್ಷಿ. ಸಾಲಕ್ಕೆ ಆಧಾರವಾಗಿ ಕೊಟ್ಟ ವಸ್ತುವನ್ನು ಗುರುತಿಸುವಂತೆ ಬರೆಯಬೇಕೆಂಬುದು ಬ್ಯಾಂಕಿನಲ್ಲಿ ಕೆಲಸ ಮಾಡುವ ಯಾರಿಗಾದರೂ ಮೊದಲ ಪಾಠ. ಆದ್ದರಿಂದ ಜನಗಣತಿಗೆ ಬೇಡವಾದ ಹೆಸರು ಸಾಲ ಕೊಟ್ಟವನಿಗೆ ಬೇಕಾಯಿತು. ಲೂಯಿಸಿಯಾನದ ಸಿಟಿಜನ್ಸ್ ಬ್ಯಾಂಕ್, ಕೆನಾಲ್ ಬ್ಯಾಂಕ್ ಎರಡೂ 1831ರಿಂದ 1865ರ ವರೆಗೆ ಸುಮಾರು 13,000 ಗುಲಾಮರನ್ನು ಆಧಾರವಾಗಿ ಹಿಡಿದಿದ್ದುವು. ಸಾಲ ತೀರದೆ ಸುಮಾರು 1,250 ಮಂದಿ ಬ್ಯಾಂಕುಗಳ ಸ್ವತ್ತೇ ಆದರು. ಅವುಗಳ ಉತ್ತರಾಧಿಕಾರಿಯಾದ ಜೆ. ಪಿ. ಮಾರ್ಗನ್ ಚೇಸ್ ಇದನ್ನು 2005ರಲ್ಲಿ ಬಹಿರಂಗಪಡಿಸಿ ಕ್ಷಮೆ ಕೇಳಿತು. ಶಿಕಾಗೊ ನಗರದ ಕಟ್ಟಳೆ ಹಾಗೆ ಹುಡುಕಿಸಿತು. ಹುಡುಕಿದ್ದರಿಂದ ಸಿಕ್ಕಿತು ಎಂಬುದನ್ನು ಗಮನಿಸಬೇಕು.

ಇನ್ನೊಂದು ಬ್ಯಾಂಕಿನ ಪುಸ್ತಕವೂ ಇದೆ. 1865ರ ಮಾರ್ಚಿನಲ್ಲಿ, ಬಿಡುಗಡೆ ಹೊಂದಿದವರ ಉಳಿತಾಯಕ್ಕೆಂದು ‘ಫ್ರೀಡ್‌ಮನ್ಸ್ ಬ್ಯಾಂಕ್’ ಹುಟ್ಟಿತು. ಠೇವಣಿದಾರರಲ್ಲಿ ಬಹುಮಂದಿಗೆ ರುಜು ಹಾಕಲು ಬಾರದು. ಗುರುತಿಗಾಗಿ ಗುಮಾಸ್ತ ಕೇಳಿ ಬರೆದುಕೊಂಡ: ಹುಟ್ಟಿದ್ದೆಲ್ಲಿ, ಬೆಳೆದದ್ದೆಲ್ಲಿ, ತಂದೆ ತಾಯಿ ಯಾರು, ಒಡಹುಟ್ಟಿದವರು ಯಾರು, ಹಳೆಯ ಒಡೆಯ ಯಾರು. ಮಾರಾಟದಲ್ಲಿ ಚೆದರಿಹೋದ ಕುಟುಂಬಗಳ ಬಂಧುತ್ವ ಹೀಗೆ ಅವರವರ ಬಾಯಿಂದಲೇ ಬಂದು ಲೆಕ್ಕಪುಸ್ತಕವನ್ನು ಸೇರಿತು. ಬ್ಯಾಂಕು ಉಳಿಯಲಿಲ್ಲ. ನಿಯಮ ಸಡಿಲಿಸಿ ಆಸ್ತಿಯ ಮೇಲೆ ಸಾಲ ಹಂಚಿದ ದುರಾಡಳಿತದಿಂದ 1874ರ ಜೂನಿನಲ್ಲಿ ಬಾಗಿಲು ಮುಚ್ಚಿತು; ಸುಮಾರು 61,000 ಮಂದಿಯ 30 ಲಕ್ಷ ಡಾಲರುಗಳಷ್ಟು ಹಣ ಸಿಕ್ಕಿಬಿದ್ದಿತು. ಹಣದಲ್ಲಿ ಕೆಲವರಿಗೆ ಒಂದು ಪಾಲು ಬಂದಿತು, ಅನೇಕರಿಗೆ ಏನೂ ಬರಲಿಲ್ಲ. 29 ಶಾಖೆಗಳ ಗುರುತಿನ ಪುಸ್ತಕಗಳು ಉಳಿದುವು. ಯೂಟಾ ಸಂಸ್ಥಾನದ ಸೆರೆಮನೆಯ ಕೈದಿಗಳು 11 ವರ್ಷ ಕುಳಿತು ಅವುಗಳಿಂದ ಸುಮಾರು 4 ಲಕ್ಷ 80 ಸಾವಿರ ಹೆಸರುಗಳನ್ನು ಪಟ್ಟಿಮಾಡಿದರು. ಆ ಸೂಚಿ 2001ರಲ್ಲಿ ಪ್ರಕಟವಾಯಿತು.