ಬ್ರೆಡ್ಡಿನ ಬುಟ್ಟಿ: ಲಾ ಸಾಲ್‌ನ ಶಾಲೆಯಲ್ಲಿ ಸಭ್ಯತೆಯ ಪಾಠ

ನನ್ನಂಥ ಸಂಶೋಧನಾ ವಿದ್ಯಾರ್ಥಿಗಳಿಗೆ ಒಂದು ಚಾಳಿ ಇದೆ. ಮೂಲ ಪುಸ್ತಕವನ್ನು ಪಕ್ಕಕ್ಕಿಟ್ಟು ಅದರ ಬಗ್ಗೆ ಬರೆದವರನ್ನು ಮೊದಲು ಓದುತ್ತೇವೆ. ಫ್ರಾನ್ಸಿನ ಪಾದ್ರಿ ಝಾನ್ ಬಪ್ತಿಸ್ತ್ ದ ಲಾ ಸಾಲ್ ನನಗೆ ಪರಿಚಯವಾದದ್ದೂ ಹೀಗೆಯೇ. 1975ರಲ್ಲಿ ಬಂದ ‘ಡಿಸಿಪ್ಲಿನ್ ಅಂಡ್ ಪನಿಶ್’ನಲ್ಲಿ ಮಿಶೆಲ್ ಫುಕೋ, ಶಾಲೆ ಮಕ್ಕಳ ಮೈಯನ್ನು ಹೇಗೆ ಪಳಗಿಸಿತು ಎಂದು ವಿವರಿಸುವಾಗ ಅವನನ್ನು ಸಾಕ್ಷಿಗೆ ಕರೆಯುತ್ತಾನೆ. ಅದಕ್ಕೂ ಮುಂಚೆ, 1939ರಲ್ಲಿ, ನಾರ್ಬರ್ಟ್ ಎಲಿಯಾಸ್ ಲಾ ಸಾಲ್‌ನ ಸಭ್ಯತೆಯ ಪುಸ್ತಕದ 1729ರ ಆವೃತ್ತಿಯನ್ನೂ 1774ರ ಆವೃತ್ತಿಯನ್ನೂ ಅಕ್ಕಪಕ್ಕ ಇಟ್ಟು, ಮೊದಲು ಬಿಚ್ಚಿ ಹೇಳಿದ್ದ ದೇಹದ ಸಂಗತಿಗಳು ಆಮೇಲೆ ಹೇಗೆ ಮೆಲ್ಲಗೆ ಮರೆಯಾದವು ಎಂದು ತೋರಿಸಿದ್ದ. ಇಬ್ಬರ ಬರಹವೂ ನನಗೆ ಇಷ್ಟ. ಆದರೆ ಇಬ್ಬರನ್ನೂ ಓದಿ ಮುಗಿಸಿದ ಮೇಲೂ ಆ ಶಾಲೆಯ ಬೆಂಚಿನ ಮೇಲೆ ಕೂತಿದ್ದ ಹುಡುಗ ಯಾರ ಮಗ, ಬೆಳಿಗ್ಗೆ ಏನಾದರೂ ತಿಂದಿದ್ದನೇ ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಆಗ ಲಾ ಸಾಲ್‌ನ ಎರಡು ಪುಸ್ತಕಗಳನ್ನು ಇಂಗ್ಲಿಷ್ ಅನುವಾದದಲ್ಲಿ ಹಿಡಿದು ಕೂತೆ.

ಲಾ ಸಾಲ್ (1651-1719) ರೀಮ್ಸ್ ನಗರದ ಅನುಕೂಲಸ್ಥ ಮನೆತನದವನು. ಅಲ್ಲಿನ ಮಹಾದೇವಾಲಯದಲ್ಲಿ ಒಳ್ಳೆಯ ಆದಾಯದ ಪದವಿ ಇದ್ದವನು. 1679ರಲ್ಲಿ ಅದೇ ನಗರದ ಸಂತ ಮಾರಿಸ್ ಧರ್ಮಕೇಂದ್ರದಲ್ಲಿ ಬಡ ಹುಡುಗರಿಗಾಗಿ ಉಚಿತ ಶಾಲೆಯೊಂದು ಶುರುವಾದಾಗ ಅವನು ಅದರ ಬೆನ್ನಿಗೆ ನಿಂತ. ಆ ಶಾಲೆಯ ಮೇಷ್ಟರುಗಳು ಅಷ್ಟೇನೂ ಓದಿದವರಲ್ಲ, ನಯನಾಜೂಕು ಬಲ್ಲವರೂ ಅಲ್ಲ. ಮೊದಮೊದಲು ತಾನು ಅವರನ್ನು ತನ್ನ ಮನೆಯಾಳಿಗಿಂತ ಕೆಳಗೆ ಎಣಿಸಿದ್ದೆ, ಅವರ ಜೊತೆ ಬಾಳಬೇಕಾಗುತ್ತದೆ ಎಂದು ಗೊತ್ತಿದ್ದರೆ ಈ ಕೆಲಸಕ್ಕೇ ಕೈಹಾಕುತ್ತಿರಲಿಲ್ಲ ಎಂದು ಅವನೇ ಬರೆದುಕೊಂಡಿದ್ದಾನೆ. 1681ರಲ್ಲಿ ಅವರನ್ನು ತನ್ನ ಮನೆಗೇ ಕರೆತಂದ, ನೆಂಟರು ಮುನಿದರು. 1683ರಲ್ಲಿ ಪದವಿಯನ್ನು ಬಿಟ್ಟುಕೊಟ್ಟ. 1688ರಲ್ಲಿ ಪ್ಯಾರಿಸಿನ ಸೇಂಟ್ ಸುಲ್ಪೀಸ್ ಧರ್ಮಕೇಂದ್ರದ ಶಾಲೆ ಅವನ ಕೈಗೆ ಬಂತು. ಸಭ್ಯತೆಯ ಪುಸ್ತಕ ಬಂದದ್ದು 1703ರಲ್ಲಿ. ಹೇಗೆ ಉಣ್ಣಬೇಕು, ಹೇಗೆ ಕೂರಬೇಕು ಎಂದು ಬರೆದವನು ಅದಕ್ಕೂ ಇಪ್ಪತ್ತು ವರ್ಷ ಮೊದಲೇ ತನಗಿಂತ ‘ಕೆಳಗಿನವರ’ ಜೊತೆ ಒಂದೇ ಮೇಜಿಗೆ ಕೂರುವುದನ್ನು ಕಲಿತಿದ್ದ ಎಂಬುದು ನೆನಪಿರಲಿ.

ಪುಸ್ತಕದಲ್ಲಿ ಎರಡು ಭಾಗಗಳಿವೆ. ಮೊದಲ ಭಾಗ ದೇಹವನ್ನು ತಲೆಯಿಂದ ಪಾದದವರೆಗೆ ಅಂಗಾಂಗವಾಗಿ ತಿದ್ದುತ್ತದೆ: ಕೂದಲು, ಹಣೆ, ಕಣ್ಣು, ಮೂಗು, ಬಾಯಿ, ಬೆರಳು, ಉಗುರು, ಮಂಡಿ. ಎರಡನೆಯದು ಏಳುವುದು, ಉಡುವುದು, ಉಣ್ಣುವುದು, ಮಾತಾಡುವುದು, ಬೀದಿಯಲ್ಲಿ ನಡೆಯುವುದು ಇತ್ಯಾದಿ. ಮೂಗನ್ನು ಕರವಸ್ತ್ರದಲ್ಲಿ ಸೀನಬೇಕು, ಸೀನಿದ ಮೇಲೆ ಕರವಸ್ತ್ರದೊಳಕ್ಕೆ ಇಣುಕಬಾರದು ಎಂಬಂಥ ನಿಯಮಗಳು ಓದುವವರ ತುಟಿಯಲ್ಲಿ ನಗು ತರಿಸುತ್ತವೆ. ಈ ಬಗೆಯ ಬರಹ ಅವನಿಂದಲೇ ಹುಟ್ಟಿದ್ದೇನಲ್ಲ. 1530ರಲ್ಲಿ ಎರಾಸ್ಮಸ್ ಮಕ್ಕಳ ನಡತೆಯ ಬಗ್ಗೆ ಬರೆದ ಚಿಕ್ಕ ಲ್ಯಾಟಿನ್ ಪುಸ್ತಕ ಒಬ್ಬ ಕುಲೀನ ಹುಡುಗನಿಗೆ ಅರ್ಪಿತವಾಗಿತ್ತು. 1671ರ ಆಂತ್ವಾನ್ ದ ಕೂರ್ತ್ಯಾನ ಕೈಪಿಡಿ ದೊಡ್ಡವರ ಮನೆಗಳಲ್ಲಿ ಓಡಾಡಬೇಕಾದವರಿಗಾಗಿ ಇತ್ತು. ಲಾ ಸಾಲ್ ಆ ಪರಂಪರೆಯನ್ನೇ ಎತ್ತಿಕೊಂಡು ಕುಶಲಕರ್ಮಿಗಳ ಮತ್ತು ಬಡವರ ಮಕ್ಕಳ ಕೈಗಿಟ್ಟ. ಫ್ರೆಂಚನ್ನೂ ಲ್ಯಾಟಿನ್ನನ್ನೂ ಸರಾಗವಾಗಿ ಓದಬಲ್ಲ ಹುಡುಗರಿಗೆ ಇದೇ ಓದುವ ಪುಸ್ತಕ. ಇಂಥ ಪುಸ್ತಕಗಳಿಗೆ ಕೈಬರಹದಂತೆ ಕಾಣುವ ಒಂದು ಅಚ್ಚನ್ನು ಬಳಸುವ ರೂಢಿ ಆ ದೇಶದಲ್ಲಿತ್ತು. ಸಭ್ಯತೆಯ ಪುಸ್ತಕಗಳಿಂದಾಗಿಯೇ ಆ ಅಚ್ಚಿಗೆ ‘ಸಿವಿಲಿತೆ’ ಎಂಬ ಹೆಸರು ನಿಂತಿತು.

ತೊಡಕು ಇಲ್ಲಿಂದ ಶುರು. ದೇವರು ಎಲ್ಲೆಡೆ ಇದ್ದಾನೆ, ಆದ್ದರಿಂದ ಯಾರೂ ನೋಡದಿದ್ದಾಗಲೂ ಮೈಯನ್ನು ಮರ್ಯಾದೆಯಿಂದ ಇಟ್ಟುಕೊಳ್ಳಬೇಕು ಎಂಬುದು ಲಾ ಸಾಲ್ ಕೊಡುವ ಮುಖ್ಯ ಕಾರಣ. ಇದು ಸಮಾನತೆಯ ಮಾತು. ದೇವರ ಮುಂದೆ ಕೂಲಿಯವನ ಮಗನ ಮೈಗೂ ಒಡೆಯನ ಮಗನ ಮೈಗೂ ಒಂದೇ ಘನತೆ. ಆದರೆ ಪುಟ ತಿರುವುತ್ತ ಹೋದಂತೆ ಇನ್ನೊಂದು ಕಾರಣ ತಲೆಹಾಕುತ್ತದೆ: ಹೀಗೆ ಮಾಡುವುದು ಹಳ್ಳಿಗಾಡಿನವರ ರೀತಿ, ಗೌರವಸ್ಥರ ಮುಂದೆ ಇದು ಸಲ್ಲದು. ಯಾರ ಮುಂದೆ ಎಷ್ಟು ಬಾಗಬೇಕೆಂಬ ಲೆಕ್ಕವೂ ಬರುತ್ತದೆ. ಕುದುರೆ ಮತ್ತು ಸಾರೋಟಿನ ಪ್ರಯಾಣದಲ್ಲಿ ಹೇಗಿರಬೇಕೆಂಬುದಕ್ಕೂ ಜಾಗವಿದೆ. ಸಾರೋಟಿನ ಕೆಸರು ಮೈಮೇಲೆ ಸಿಡಿಯುವುದಷ್ಟನ್ನೇ ಬಲ್ಲ ಹುಡುಗನೊಬ್ಬ ಈ ಪುಟವನ್ನು ಗಟ್ಟಿಯಾಗಿ ಓದಿ ಒಪ್ಪಿಸುತ್ತಿರುವ ದೃಶ್ಯವನ್ನು ನೆನೆಸಿಕೊಳ್ಳಿ. ಬಡವರಿಗೆ ಮೇಲಿನವರ ಲೋಕದ ಬೀಗದ ಕೈ ಕೊಟ್ಟ ಎಂದು ಲಾ ಸಾಲ್‌ನ ಅಭಿಮಾನಿಗಳು ಈ ಪುಟವನ್ನು ಮೆಚ್ಚಿಕೊಳ್ಳಬಹುದು. ನನಗೆ ಪೂರ್ತಿ ಹಾಗನ್ನಿಸುವುದಿಲ್ಲ. ಕೈಯಲ್ಲಿ ಬೀಗದ ಕೈ ಇದ್ದು ಬಾಗಿಲೇ ಇಲ್ಲದಿದ್ದರೆ? ಆದರೂ ಆ ಪುಟವನ್ನು ಕಿತ್ತುಹಾಕಿ, ‘ನಿನಗೆ ಬೇಕಾದಷ್ಟು ನಿಯಮ ಇಷ್ಟೇ’ ಎಂದು ಬಡವರಿಗೊಂದು ಪ್ರತ್ಯೇಕ ಸಭ್ಯತೆ ಬರೆದಿದ್ದರೆ ಅದು ಇನ್ನೂ ಕೀಳಾಗುತ್ತಿತ್ತು. ಅವನು ಹಾಗೆ ಬರೆಯಲಿಲ್ಲ.

ಎರಡನೆಯ ಪುಸ್ತಕ ಶಾಲೆಯನ್ನು ನಡೆಸುವ ಬಗೆಯ ಕುರಿತು, ಮೇಷ್ಟರಿಗಾಗಿ ಬರೆದದ್ದು. ಅದರ 1706ರ ಹಸ್ತಪ್ರತಿ ಉಳಿದಿದೆ. ಅಚ್ಚಾದದ್ದು 1720ರಲ್ಲಿ, ಅವನು ತೀರಿಕೊಂಡ ಮರುವರ್ಷ. ಫುಕೋ ಹೇಳುವ ‘ಸಿಗ್ನಲ್’ ಇದರಲ್ಲಿದೆ. ಮೇಷ್ಟರು ಬಾಯಿ ಬಿಡದೆ ಈ ಸಣ್ಣ ಸಾಧನದಿಂದ ಟಕ್ ಎನ್ನಿಸಿ ತರಗತಿಯನ್ನು ನಡೆಸಬೇಕು. ‘ಕೈಕಟ್ಟು, ಬಾಯಿಮುಚ್ಚು’ ಕೇಳಿ ಬೆಳೆದ ನನಗೆ ಆ ಪುಟ ಓದುವಾಗ ಬೆನ್ನು ತಾನಾಗಿ ನೆಟ್ಟಗಾಯಿತು. ಆದರೆ ಅಲ್ಲಿ ಮಾತು ಕಳೆದುಕೊಂಡವರಲ್ಲಿ ಮೇಷ್ಟರೂ ಒಬ್ಬರು. ಶಿಕ್ಷೆಯ ಅಧ್ಯಾಯವನ್ನೇ ನೋಡಿ. ಬೆತ್ತ, ಚರ್ಮದ ಪಟ್ಟಿ ಎಲ್ಲ ಉಂಟು. ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ಶಿಕ್ಷೆ ಸಲ್ಲಬೇಕಾದರೆ ಹತ್ತು ಷರತ್ತುಗಳು. ಕೊಡುವವನಿಗೆ ಏಳು: ಸಿಟ್ಟಿಲ್ಲದೆ, ನ್ಯಾಯವಾಗಿ, ಮಿತವಾಗಿ, ಹೀಗೆ. ತಿನ್ನುವವನಿಗೆ ಮೂರು: ಒಪ್ಪಿಕೊಂಡು, ಗೌರವದಿಂದ, ಮೌನವಾಗಿ. ಏಳು ಮೂರರ ಈ ಲೆಕ್ಕದಲ್ಲಿ ಮೇಷ್ಟರ ಮೇಲಿನ ಅಪನಂಬಿಕೆ ನನಗೆ ಕಾಣುತ್ತದೆ. ಜೊತೆಗೆ, ಆ ಮೂರೇ ಸಾಕು ಮಗುವಿಗೆ ಬಾಯೇ ಇಲ್ಲದಂತೆ ಮಾಡಲು ಎಂಬುದೂ ಕಾಣುತ್ತದೆ.

ನನ್ನನ್ನು ಹೆಚ್ಚು ದಿನ ಕಾಡಿದ್ದು ಊಟದ ಅಧ್ಯಾಯ. ಹುಡುಗರು ಬೆಳಗಿನ ಉಪಾಹಾರವನ್ನೂ ಮಧ್ಯಾಹ್ನದ ತಿಂಡಿಯನ್ನೂ ಶಾಲೆಯಲ್ಲೇ ತಿನ್ನಬೇಕು. ಹೊಟ್ಟೆ ತುಂಬಿಸಿಕೊಳ್ಳಲಿ ಎಂಬುದಕ್ಕಿಂತ, ಮರ್ಯಾದೆಯಾಗಿ ತಿನ್ನುವುದನ್ನೂ ಉಣ್ಣುವ ಮುಂಚೆ ಆಮೇಲೆ ಪ್ರಾರ್ಥಿಸುವುದನ್ನೂ ಕಲಿಯಲಿ ಎಂದು. ಅಂದರೆ ಸಭ್ಯತೆಯ ಪುಸ್ತಕದ ಪ್ರಯೋಗಶಾಲೆ ಇದು. ಅಲ್ಲೊಂದು ಬುಟ್ಟಿ ಇಟ್ಟಿರುತ್ತದೆ. ಬ್ರೆಡ್ ಹೆಚ್ಚಿದ್ದವರು ಅದರಲ್ಲಿ ಹಾಕಬೇಕು. ಏನೂ ತರದೆ ಬಂದ ಬಡ ಹುಡುಗರಿಗೆ ಮೇಷ್ಟರು ಹಂಚಬೇಕು. ತಿಂದವರು ಕೊಟ್ಟವರಿಗಾಗಿ ಪ್ರಾರ್ಥಿಸಬೇಕು. ಹಸಿದವರನ್ನು ಕಂಡು, ಅವರಿಗಾಗಿ ನಿಯಮವನ್ನೇ ಬರೆದ ಶಾಲೆ. ಫುಕೋನ ಓದಿನಲ್ಲಿ ನನಗೆ ಸಿಗದೆ ಹೋದದ್ದು ಈ ಬುಟ್ಟಿ.

ಆದರೆ ಅದೇ ಅಧ್ಯಾಯದಲ್ಲಿ ಇನ್ನೊಂದು ನಿಯಮವಿದೆ. ಹುಡುಗರು ಒಬ್ಬರಿಗೊಬ್ಬರು ಏನನ್ನೂ ಕೊಡಕೂಡದು, ತಮ್ಮ ತಿಂಡಿಯನ್ನು ಕೂಡ. ಪಕ್ಕದಲ್ಲಿ ಕೂತ ಗೆಳೆಯನಿಗೆ ಮುರಿದು ಕೊಟ್ಟರೆ ತಪ್ಪು. ಬುಟ್ಟಿಯ ಮೂಲಕ ಹೋದರೆ ಪುಣ್ಯ. ಬಲಿತ ಹುಡುಗ ಬಡಕಲು ಹುಡುಗನಿಂದ ಕಿತ್ತುಕೊಳ್ಳದಿರಲಿ, ಅದಲುಬದಲಿನ ವ್ಯಾಪಾರ ನಡೆಯದಿರಲಿ ಎಂಬ ಎಚ್ಚರ ಇದರ ಹಿಂದೆ ಇದ್ದಿರಬಹುದು ಎಂದು ಊಹಿಸಬಲ್ಲೆ. ಆದರೂ ಬುಟ್ಟಿಯಲ್ಲಿ ಬಿದ್ದ ಬ್ರೆಡ್ ಮತ್ತೆ ಮೇಲೆ ಬರುವಾಗ ದಾನವಾಗಿರುತ್ತದೆ. ಪಡೆದವನು ಮೇಷ್ಟರಿಂದ ಪಡೆಯುತ್ತಾನೆ, ಋಣವನ್ನು ಪ್ರಾರ್ಥನೆಯಲ್ಲಿ ತೀರಿಸುತ್ತಾನೆ. ಗೆಳೆಯ ಮುರಿದು ಕೊಟ್ಟ ತುಂಡಿಗೆ ಇದ್ಯಾವುದೂ ಬೇಕಿರಲಿಲ್ಲ. ಇಡೀ ಶಾಲೆಯಲ್ಲಿ ಮಕ್ಕಳಿಗೆ ಯಾರೂ ಕಲಿಸದೆ ಬರುತ್ತಿದ್ದ ಸಭ್ಯತೆ ಒಂದಿದ್ದರೆ ಅದು ಈ ಮುರಿದು ಕೊಡುವುದೇ. ನಿಯಮ ಅದನ್ನೇ ಹಿಡಿದು ನಿಲ್ಲಿಸಿತು.

ಮೇಷ್ಟರು ಈ ಹೊತ್ತಿನಲ್ಲಿ ಕಣ್ಣಿಟ್ಟು ಕೂತಿರಬೇಕು ಎಂದು ಲಾ ಸಾಲ್ ಬರೆಯುತ್ತಾನೆ. ಯಾರೂ ಮಾಡದ್ದನ್ನು ಮಾಡಬೇಡಿ ಎಂದು ಬರೆಯುವಷ್ಟು ಬಿಡುವು ಅವನಿಗಿರಲಿಲ್ಲ. ಹಾಗಾಗಿ ಬೆಂಚಿನ ಕೆಳಗೆ ಬ್ರೆಡ್ಡಿನ ತುಂಡುಗಳು ಒಂದು ಕೈಯಿಂದ ಇನ್ನೊಂದು ಕೈಗೆ ದಾಟುತ್ತಲೇ ಇದ್ದವು ಎಂದು ನಾನು ಓದಿಕೊಳ್ಳುತ್ತೇನೆ.